ಹಂಡೆ ನೀರಿನ ಹದದಲ್ಲಿ ಮೂಡುವ ಬಣ್ಣ

ಸಕಲೇಶಪುರ ಸೀಮೆಯ ಹಳೆಯ ತೋಟದ ಮನೆಗಳಲ್ಲಿ ಮಳೆಗಾಲ ಪೂರ್ತಿ ಬಚ್ಚಲ ಒಲೆ ಆರುವುದಿಲ್ಲ. ಮರಗಸಿ ಮಾಡುವಾಗ ಬಿದ್ದ ಸಿಲ್ವರ್ ಓಕ್ ಕೊಂಬೆ, ಕಿತ್ತುಹಾಕಿದ ಮುದಿ ಕಾಫಿ ಗಿಡದ ಬೊಡ್ಡೆ, ಒಣಗಿದ ಹಾಲುವಾಣ, ಹೀಗೆ ಸೌದೆಗೂ ಬರವಿಲ್ಲ, ಹಂಡೆಯಲ್ಲಿ ಬಿಸಿನೀರಿಗೂ ಬರವಿಲ್ಲ. ಬಣ್ಣದ ಸ್ಲೈಡ್ ಫಿಲ್ಮನ್ನು ಮನೆಯಲ್ಲೇ ತೊಳೆಯುವ ಹುಮ್ಮಸ್ಸು ಇರುವವರಿಗೆ ಇದು ದೊಡ್ಡ ಅನುಕೂಲ. ಆ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಹದವಾಗಿ ಬಿಸಿಯಾದ, ಅರ್ಧ ಗಂಟೆಯಾದರೂ ಬಿಸಿ ಇಳಿಯದ ನೀರು. ಎಷ್ಟು ಬಿಸಿ ಎಂದರೆ 38 ಡಿಗ್ರಿ ಸೆಲ್ಸಿಯಸ್. ಮಗುವಿಗೆ ನೀರೆರೆಯುವ ಮೊದಲು ಮೊಣಕೈ ಅದ್ದಿ ನೋಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಹದ.

ಸ್ಲೈಡ್ ಎಂದರೆ ಈಗಿನ ಹುಡುಗರಿಗೆ ಕಂಪ್ಯೂಟರಿನ ಪರದೆಯ ಮೇಲೆ ಸರಿಯುವ ಪುಟ. ಮೂವತ್ತು ವರ್ಷದ ಹಿಂದೆ ಅದು ಬೆಳಕಿಗೆ ಹಿಡಿದರೆ ಬಣ್ಣಬಣ್ಣವಾಗಿ ಕಾಣುವ ಫಿಲ್ಮಿನ ತುಂಡಾಗಿತ್ತು. ಸಾಮಾನ್ಯ ಕಲರ್ ನೆಗೆಟಿವ್‌ನಲ್ಲಿ ಚಿತ್ರ ಎರಡು ಸಲ ಹುಟ್ಟುತ್ತದೆ. ಫಿಲ್ಮಿನ ಮೇಲೆ ತಿರುಗುಮುರುಗಾದ ಬಣ್ಣದಲ್ಲಿ ಒಮ್ಮೆ, ಪ್ರಿಂಟ್ ಹಾಕುವಾಗ ಇನ್ನೊಮ್ಮೆ. ಆ ಎರಡನೇ ಹುಟ್ಟಿನಲ್ಲಿ ತಪ್ಪು ತಿದ್ದಬಹುದು. ಬೆಳಕು ಹೆಚ್ಚಾಗಿದ್ದರೆ ಇಳಿಸಬಹುದು, ನೀಲಿ ಜಾಸ್ತಿಯಾಗಿದ್ದರೆ ಕಡಿಮೆ ಮಾಡಬಹುದು. ಸ್ಲೈಡ್‌ಗೆ ಅಂಥ ಎರಡನೇ ಅವಕಾಶ ಇಲ್ಲ. ಬಿಸಿಲೆ ಘಾಟಿಯ ತುದಿಯಲ್ಲಿ ಕ್ಯಾಮೆರಾದೊಳಗೆ ಕೂತು ಬೆಳಕು ಕುಡಿದ ಫಿಲ್ಮಿನ ತುಂಡೇ ಕೊನೆಗೆ ಕೈಯಲ್ಲಿ ಹಿಡಿದು ನೋಡುವ ಚಿತ್ರ. ನಡುವೆ ಬೇರೊಂದು ಪ್ರತಿ ಇಲ್ಲ, ಬೇರೊಬ್ಬರ ಕೈಯೂ ಇಲ್ಲ. ಅದಕ್ಕೇ ಸ್ಲೈಡ್ ತೆಗೆಯಬೇಕೆನ್ನುವವರು ತಾವು ನಿಂತ ಜಾಗದ ಬೆಳಕನ್ನು ಚೆನ್ನಾಗಿ ಓದಿಕೊಂಡಿರಬೇಕು.

ಸಕಲೇಶಪುರ, ಆಲೂರಿನ ಬೆಳಕಿನ ಬಗ್ಗೆ ಹೇಳಲೇಬೇಕಾದದ್ದು ಇಲ್ಲೇ ಇದೆ. ಮಳೆ ಹಿಡಿದು, ಮಂಜು ಇಳಿದು, ಪ್ರವಾಸಕ್ಕೆ ಬಂದವರು ಕ್ಯಾಮೆರಾವನ್ನು ಚೀಲದೊಳಗಿಟ್ಟು ಕಾರಿನ ಗಾಜು ಏರಿಸುವ ಹೊತ್ತಿದೆಯಲ್ಲ, ಸ್ಲೈಡ್ ಫಿಲ್ಮಿಗೆ ಅದೇ ಒಳ್ಳೆಯ ಹೊತ್ತು.

ಕಾರಣ ಸರಳ. ಬೆಳಕಿನ ಅಳತೆಯನ್ನು ಫೋಟೊದವರು ಸ್ಟಾಪ್‌ಗಳಲ್ಲಿ ಹೇಳುತ್ತಾರೆ. ಒಂದು ಸ್ಟಾಪ್ ಹೆಚ್ಚಾದರೆ ಬೆಳಕು ಎರಡು ಪಟ್ಟು, ಒಂದು ಕಡಿಮೆಯಾದರೆ ಅರ್ಧ. ಕಲರ್ ನೆಗೆಟಿವ್ ಫಿಲ್ಮಿಗೆ ಎರಡು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ ಚಿತ್ರ ಉಳಿಯುತ್ತದೆ. ಸ್ಲೈಡ್‌ಗೆ ಅರ್ಧ ಸ್ಟಾಪ್ ತಪ್ಪಿದರೂ ಗೊತ್ತಾಗುತ್ತದೆ, ಒಂದು ತಪ್ಪಿದರೆ ಚಿತ್ರ ಹೋದಂತೆಯೇ. ದೃಶ್ಯದ ಅತಿ ಕಪ್ಪು ಭಾಗಕ್ಕೂ ಅತಿ ಬಿಳಿ ಭಾಗಕ್ಕೂ ಇರುವ ಅಂತರ ಐದಾರು ಸ್ಟಾಪ್ ಮೀರಿದರೆ ಎರಡನ್ನೂ ಒಟ್ಟಿಗೆ ಹಿಡಿಯಲು ಸ್ಲೈಡ್‌ಗೆ ಆಗದು. ಜನವರಿಯ ನಡುಹಗಲಲ್ಲಿ ಕಾಫಿ ತೋಟದೊಳಗೆ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಇಳಿದ ಬಿಸಿಲಿನ ಚುಕ್ಕೆಗಳು ಕಣ್ಣು ಕುಕ್ಕುತ್ತವೆ, ಪಕ್ಕದ ಗಿಡದ ಬುಡ ಕಪ್ಪಗಿರುತ್ತದೆ. ಮನುಷ್ಯನ ಕಣ್ಣು ಎರಡನ್ನೂ ಹೊಂದಿಸಿಕೊಳ್ಳುತ್ತದೆ. ಫಿಲ್ಮಿನಲ್ಲಿ ಬಿಸಿಲು ಬಿದ್ದಲ್ಲೆಲ್ಲ ಬರೀ ಪಾರದರ್ಶಕ ತೂತು, ನೆರಳಿದ್ದಲ್ಲೆಲ್ಲ ಇದ್ದಿಲು.

ಮಂಜು ಈ ಅಂತರವನ್ನು ಕುಗ್ಗಿಸುತ್ತದೆ. ಬೆಳಕು ಒಂದೇ ಕಡೆಯಿಂದ ಬೀಳದೆ ಎಲ್ಲ ಕಡೆಯಿಂದ ಸೋಸಿ ಬರುತ್ತದೆ. ನೆರಳು ತಿಳಿಯಾಗುತ್ತದೆ, ಬಿಳಿ ಮೆತ್ತಗಾಗುತ್ತದೆ, ಇಡೀ ಗುಡ್ಡ ಮೂರು ನಾಲ್ಕು ಸ್ಟಾಪ್‌ಗಳೊಳಗೆ ಬಂದು ಕೂರುತ್ತದೆ. ಬೆಳಕಿನ ವಿಷಯದಲ್ಲಿ ಇಷ್ಟು ಬಿಗಿಯಾದ ಫಿಲ್ಮಿಗೆ ಇಂಥ ಊರು ಸಿಗುವುದು ಕಷ್ಟ. ಸಕಲೇಶಪುರ ತಾಲ್ಲೂಕಿನಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಹಾಸನದ ಕಡೆ ಇಳಿದು ಆಲೂರಿಗೆ ಬಂದರೆ ಮಳೆ ಎಷ್ಟೋ ಕಡಿಮೆ, ಆಕಾಶ ಹೆಚ್ಚು ತೆರೆದಿರುತ್ತದೆ, ಭತ್ತದ ಗದ್ದೆ, ಶುಂಠಿ ಹೊಲ, ಹೇಮಾವತಿಯ ಹಿನ್ನೀರು ಕಾಣಿಸಿಕೊಳ್ಳುತ್ತವೆ. ಒಂದೇ ದಿನ, ಒಂದೇ ರೋಲ್‌ನಲ್ಲಿ ಎರಡು ಬಗೆಯ ಬೆಳಕು ಸಿಗುತ್ತದೆ. ಬೆಳಗ್ಗೆ ಘಟ್ಟದ ಅಂಚಿನ ಮಂಜಿನಲ್ಲಿ ಆರು ಚಿತ್ರ ತೆಗೆದು, ಸಂಜೆ ಆಲೂರಿನ ಓರೆ ಬಿಸಿಲಿಗೆ ಉಳಿದ ಆರನ್ನು ಇಟ್ಟುಕೊಳ್ಳುವುದು ಜಾಣತನ.

ಒಟ್ಟು ಹನ್ನೆರಡೇ. ಏಕೆಂದರೆ ಕೈಯಲ್ಲಿರುವುದು ಮಡಚುವ ಹಳೆಯ ಕ್ಯಾಮೆರಾ.

ಫೋಲ್ಡಿಂಗ್ ಕ್ಯಾಮೆರಾ ಎಂದು ಕರೆಯುವ ಈ ಜಾತಿಯ ಯಂತ್ರಗಳು ಮುಚ್ಚಿದಾಗ ದಪ್ಪ ಡೈರಿಯಷ್ಟಿರುತ್ತವೆ. ಗುಂಡಿ ಒತ್ತಿದರೆ ಮುಂಬಾಗಿಲು ತೆರೆದು, ಚರ್ಮದ ಬೆಲ್ಲೋಸ್ ಬಿಚ್ಚಿಕೊಂಡು, ಲೆನ್ಸ್ ಮುಂದೆ ಬಂದು ನಿಲ್ಲುತ್ತದೆ. ಮ್ಯೂನಿಕ್‌ನ ಆಗ್ಫಾ ಕಂಪನಿಯ ಐಸೊಲೆಟ್, ಝೈಸ್ ಐಕಾನ್‌ನ ನೆಟ್ಟರ್ ಮತ್ತು ಐಕಾಂಟಾ, ಫೋಗ್ಟ್‌ಲ್ಯಾಂಡರ್‌ನ ಪರ್ಕಿಯೊ, ಸೋವಿಯತ್ ಒಕ್ಕೂಟದ ಮಾಸ್ಕ್ವಾ-5 ಇವೆಲ್ಲ 1930ರಿಂದ 1960ರ ನಡುವಿನವು. ನಮ್ಮಲ್ಲಿ ಮನೆಮನೆಗೂ ಬಂದ ಕ್ಲಿಕ್-3 ಬಡೋದೆಯಲ್ಲಿ ತಯಾರಾದ ಸಾದಾ ಡಬ್ಬಿ ಕ್ಯಾಮೆರಾ, ಅದು ಈ ಜಾತಿಯದಲ್ಲ. ಆದರೆ ಎರಡಕ್ಕೂ ಬೇಕಾದ ಫಿಲ್ಮ್ ಒಂದೇ. ಕೊಡಕ್ 1901ರಲ್ಲಿ ತಂದ, ಹಿಂದೆ ಕಾಗದ ಸುತ್ತಿದ 120 ರೋಲ್ ಇಂದಿಗೂ ಅದೇ ಅಳತೆಯಲ್ಲಿ ಬರುತ್ತಿದೆ. ಎಪ್ಪತ್ತು ವರ್ಷ ಹಳೆಯ ನೆಟ್ಟರ್ ಈಗಲೂ ಕೆಲಸಕ್ಕೆ ಬರುವುದು ಇದರಿಂದಲೇ. ಚೌಕ ಚಿತ್ರದ ಒಂದೊಂದು ಬದಿ 56 ಮಿಲಿಮೀಟರ್. 35 ಮಿ.ಮೀ. ಫಿಲ್ಮಿಗೆ ಹೋಲಿಸಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಜಾಗ. ಇಷ್ಟು ದೊಡ್ಡ ಸ್ಲೈಡನ್ನು ಯಂತ್ರವಿಲ್ಲದೆ, ಬರಿಗಣ್ಣಿನಿಂದಲೇ ನೋಡಿ ಸಂತೋಷಪಡಬಹುದು.

ಕೊಳ್ಳುವ ಮೊದಲು ನೋಡಬೇಕಾದ್ದು ಬೆಲ್ಲೋಸ್. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತಾಗಿರುತ್ತದೆ. ಕತ್ತಲೆ ಕೋಣೆಯಲ್ಲಿ ಹಿಂಬದಿ ತೆರೆದು ಒಳಗೆ ಟಾರ್ಚ್ ಹಾಕಿ, ಬೆಲ್ಲೋಸನ್ನು ಎಳೆದು, ಸುತ್ತ ತಿರುಗಿಸಿದರೆ ಎಲ್ಲೆಲ್ಲಿ ನಕ್ಷತ್ರ ಮಿನುಗುತ್ತದೆಯೋ ಅಲ್ಲೆಲ್ಲ ತೂತು. ಐಸೊಲೆಟ್‌ಗಳಲ್ಲಿ ಈ ದೋಷ ಸಾಮಾನ್ಯ. ಅದರ ಇನ್ನೊಂದು ಕಾಯಿಲೆ ಫೋಕಸ್ ಉಂಗುರದೊಳಗಿನ ಹಸಿರು ಗ್ರೀಸ್. ಅದು ವರ್ಷಗಳಲ್ಲಿ ಅಂಟಾಗಿ, ಕಲ್ಲಾಗಿ, ಮುಂದಿನ ಗಾಜನ್ನೂ ಅದರ ಹಿಂದಿನದನ್ನೂ ಒಟ್ಟಿಗೆ ಹಿಡಿದುಬಿಡುತ್ತದೆ. ಉಂಗುರ ತಿರುಗಿದಂತೆ ಕಂಡರೂ ಫೋಕಸ್ ಸರಿಯಾಗಿ ಬದಲಾಗುವುದಿಲ್ಲ. ಮಲೆನಾಡಿನ ಮನೆಯಲ್ಲಿ ಇದ್ದ ಕ್ಯಾಮೆರಾ ಆದರೆ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಹಬ್ಬಿದ ಬೂಷ್ಟು ಇದೆಯೇ ಎಂದೂ ನೋಡಬೇಕು. ಹೊಸದಾಗಿ ಹಿಡಿದದ್ದು ಒರೆಸಿದರೆ ಹೋಗುತ್ತದೆ. ಹಳೆಯದು ಗಾಜಿನ ಲೇಪವನ್ನೇ ತಿಂದಿರುತ್ತದೆ.

ಶಟರ್ ವಿಷಯ ಸ್ಲೈಡ್‌ನವರಿಗೆ ಇನ್ನೂ ಮುಖ್ಯ. ಅಗ್ಗದ ಮಾದರಿಗಳ ವೇರಿಯೊ ಶಟರ್‌ಗೆ ಮೂರೇ ವೇಗ, ಸೆಕೆಂಡಿನ 25ನೇ, 75ನೇ, 200ನೇ ಒಂದು ಭಾಗ. ವಯಸ್ಸಾದ ಸ್ಪ್ರಿಂಗು, ಒಣಗಿದ ಎಣ್ಣೆ ಸೇರಿ 200 ಎಂದು ಬರೆದಿರುವ ಕಡೆ ನಿಜವಾಗಿ 120ರ ವೇಗ ಇದ್ದರೂ ಆಶ್ಚರ್ಯವಿಲ್ಲ. ನೆಗೆಟಿವ್ ಫಿಲ್ಮ್ ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಸ್ಲೈಡ್ ನುಂಗದು. ಶಟರ್ ತೆರೆದು ಮುಚ್ಚುವ ಸದ್ದನ್ನು ಮೊಬೈಲ್ ಆ್ಯಪ್‌ನಲ್ಲಿ ಹಿಡಿದು ನಿಜವಾದ ವೇಗ ಲೆಕ್ಕ ಹಾಕಿ, ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾದ ಚೀಲದೊಳಗೆ ಇಟ್ಟುಕೊಂಡರೆ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಡಿಸೆಂಬರಿನ ಚಳಿ ಬೆಳಗಿನಲ್ಲಿ ಶಟರ್ ಇನ್ನಷ್ಟು ಜಡವಾಗುತ್ತದೆ ಎಂಬುದೂ ನೆನಪಿರಬೇಕು. ಜರ್ಕಿನ್ನಿನ ಒಳಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಇದಕ್ಕೆ ಸುಲಭದ ಉಪಾಯ. ಮಡಚಿಕೊಳ್ಳುವ ಕ್ಯಾಮೆರಾ ಆದ್ದರಿಂದ ಜೇಬಿಗೆ ಹಿಡಿಸುತ್ತದೆ.

ತೆಗೆಯುವಾಗ ಒಂದು ಕ್ರಮ ಇದೆ, ಬಹಳ ಜನ ತಪ್ಪುವುದು ಅಲ್ಲೇ. ಮೊದಲು ಕ್ಯಾಮೆರಾವನ್ನು ನಿಧಾನವಾಗಿ ಬಿಚ್ಚಬೇಕು, ಆಮೇಲೆ ಫಿಲ್ಮ್ ಸುತ್ತಬೇಕು. ಮೊದಲೇ ಸುತ್ತಿಟ್ಟು ಆಮೇಲೆ ಪಟ್ಟನೆ ಬಿಚ್ಚಿದರೆ ಬೆಲ್ಲೋಸ್ ಗಾಳಿ ಎಳೆದುಕೊಂಡು, ಅದರ ಜೊತೆ ಫಿಲ್ಮನ್ನೂ ಮುಂದಕ್ಕೆ ಎಳೆಯುತ್ತದೆ. ಚಪ್ಪಟೆಯಾಗಿ ಕೂರಬೇಕಾದ ಫಿಲ್ಮ್ ಉಬ್ಬಿ, ಚಿತ್ರದ ನಡುಭಾಗ ಮಸುಕಾಗುತ್ತದೆ. ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಕಾಗದದ ಮೇಲಿನ ಅಂಕಿ ನೋಡಿ ಸುತ್ತುವುದು ಈ ಕ್ಯಾಮೆರಾಗಳ ಪದ್ಧತಿ. ಕಪ್ಪು-ಬಿಳುಪು ಫಿಲ್ಮುಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗದಿದ್ದ ಕಾಲದ್ದು ಆ ಕಿಟಕಿ. ಈಗಿನ ಬಣ್ಣದ ಫಿಲ್ಮಿಗೆ ಕೆಂಪೂ ತಾಗುತ್ತದೆ. ಆದ್ದರಿಂದ ಬೆನ್ನಿಗೆ ಬಿಸಿಲು ಬೀಳದಂತೆ ನಿಂತು, ಅಂಕಿ ನೋಡಿದ ಕೂಡಲೇ ಕಿಟಕಿಯ ಮುಚ್ಚಳ ಸರಿಸಬೇಕು. ಮುಚ್ಚಳ ಇಲ್ಲದಿದ್ದರೆ ಕಪ್ಪು ಟೇಪಿನ ಚೂರು ಸಾಕು.

ಇವುಗಳಲ್ಲಿ ಹೆಚ್ಚಿನವಕ್ಕೆ ದೂರ ಅಳೆಯುವ ವ್ಯವಸ್ಥೆ ಇಲ್ಲ. ಅಂದಾಜಿನಲ್ಲಿ ಅಡಿಯನ್ನೋ ಮೀಟರನ್ನೋ ಉಂಗುರದ ಮೇಲೆ ತಿರುಗಿಸಿ ನಿಲ್ಲಿಸಬೇಕು. ತೋಟದಲ್ಲಿ ಬೆಳೆದವರಿಗೆ ಇದು ಕಷ್ಟವೇ ಅಲ್ಲ. ಅರೇಬಿಕಾ ಗಿಡದಿಂದ ಗಿಡಕ್ಕೆ ಆರೇಳು ಅಡಿ, ರೊಬಸ್ಟಾ ಆದರೆ ಹತ್ತು ಹನ್ನೆರಡು ಅಡಿ. ಸಾಲು ಎಣಿಸಿದರೆ ದೂರ ಸಿಕ್ಕಿತು. ದೂರದ ಗುಡ್ಡಕ್ಕಂತೂ ನೆಟ್ಟರ್‌ನ ಉಂಗುರಗಳ ಮೇಲೆಯೇ ಎರಡು ಕೆಂಪು ಚುಕ್ಕೆಗಳಿವೆ. ಫೋಕಸನ್ನೂ ಅಪರ್ಚರನ್ನೂ ಆ ಚುಕ್ಕೆಗಳಿಗೆ ತಂದು ನಿಲ್ಲಿಸಿದರೆ ಕೆಲವು ಮೀಟರ್ ಆಚೆಯಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ.

ಮಂಜರಾಬಾದ್ ಕೋಟೆಯನ್ನೇ ನೋಡೋಣ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್ ಬಳಿಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ನಕ್ಷತ್ರದ ಆಕಾರ ಪೂರ್ತಿ ಕಾಣುವುದು ಮೇಲಿನಿಂದ ಮಾತ್ರ, ಡ್ರೋನ್ ಚಿತ್ರಗಳಲ್ಲಿ ಎಲ್ಲರೂ ಅದನ್ನೇ ನೋಡಿರುತ್ತಾರೆ. ನೆಲದ ಮೇಲೆ ನಿಂತವರಿಗೆ ಸಿಗುವುದು ಬೇರೆ: ಪಾಚಿ ಹಿಡಿದು ಹಸಿರುಗಪ್ಪಾದ ಗೋಡೆ, ಒಂದರ ಹಿಂದೊಂದು ತಿರುಗುವ ಕೋನಗಳು, ನಡುವೆ ಶಿಲುಬೆಯಾಕಾರದ ಕೊಳ. ಬಿಸಿಲಿನ ದಿನ ಆ ಗೋಡೆಗೂ ಅದರ ಮೇಲಿನ ಆಕಾಶಕ್ಕೂ ಇರುವ ಬೆಳಕಿನ ಅಂತರ ಸ್ಲೈಡ್ ತಾಳುವಷ್ಟಲ್ಲ. ಗೋಡೆಗೆ ಸರಿ ಮಾಡಿದರೆ ಆಕಾಶ ಹಾಳೆಯಂತೆ ಬೆಳ್ಳಗೆ, ಆಕಾಶಕ್ಕೆ ಸರಿ ಮಾಡಿದರೆ ಕೋಟೆಯೇ ಇಲ್ಲ. ಘಟ್ಟದ ಕೆಳಗಿನಿಂದ ಮಂಜು ಎದ್ದು ಕೋಟೆಯೊಳಗೆ ನುಗ್ಗಿದಾಗ ಆಕಾಶ ಬೇರೆ, ಗೋಡೆ ಬೇರೆ ಎಂಬುದು ಅಳಿಸುತ್ತದೆ. ಹತ್ತಿರದ ಗೋಡೆಯ ಹಸಿರು ಗಾಢವಾಗಿ, ಅದರಾಚೆಯದು ಬೂದುಹಸಿರಾಗಿ, ಮೂರನೆಯದು ಬರೀ ನೆರಳಾಗಿ, ಎಂಟು ಮೂಲೆಗಳು ಒಂದೊಂದಾಗಿ ಆಳಕ್ಕೆ ಸರಿದು ಹೋಗುತ್ತವೆ. ಕೋಟೆಯ ವಿನ್ಯಾಸ ಡ್ರೋನ್ ಚಿತ್ರಕ್ಕಿಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಹೊರಗಿನಿಂದ ನುಗ್ಗುವವನಿಗೆ ಅದು ಹೇಗೆ ಕಾಣುತ್ತಿತ್ತೋ ಹಾಗೇ ಕಾಣುತ್ತದೆ.

ಮಂಜಿನಲ್ಲಿ ಮೀಟರ್ ಮೋಸ ಮಾಡುತ್ತದೆ. ಎದುರಿನದನ್ನೆಲ್ಲ ನಡುವಣ ಬೂದು ಎಂದೇ ಲೆಕ್ಕ ಹಾಕುವುದು ಬೆಳಕಿನ ಮೀಟರಿನ ಸ್ವಭಾವ. ಬಿಳಿ ಮಂಜನ್ನು ತೋರಿಸಿದರೆ ಅದನ್ನೂ ಬೂದು ಮಾಡಲು ಹೇಳುತ್ತದೆ. ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಮಂಜು ಮಂಜಾಗಿಯೇ ಉಳಿಯುತ್ತದೆ. ಐಎಸ್‌ಒ 100 ಫಿಲ್ಮಿಗೆ ದಟ್ಟ ಮೋಡದ ಹಗಲಲ್ಲಿ ಎಫ್/5.6, ಸೆಕೆಂಡಿನ 75ನೇ ಒಂದು ಭಾಗ ಎಂಬುದು ಒಳ್ಳೆಯ ಆರಂಭ. ಮರದ ಕೆಳಗೆ ಬಂದರೆ 25ನೇ ಒಂದು ಭಾಗಕ್ಕೆ ಇಳಿಯಬೇಕಾಗುತ್ತದೆ, ಆಗ ಸ್ಟ್ಯಾಂಡ್ ಬೇಕೇ ಬೇಕು. ಕಾಫಿ ಹೂವಿಗೂ ಇದೇ ಎಚ್ಚರಿಕೆ. ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಮುಗಿದೂ ಹೋಗುತ್ತದೆ. ಆ ಹೂವಿನ ಬಿಳಿಯಲ್ಲಿ ಎಸಳು ಎಸಳಾಗಿ ಕಾಣಬೇಕೆಂದರೆ ಮೀಟರನ್ನು ಹೂವಿನ ಕಡೆ ತಿರುಗಿಸದೆ, ಹೂವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುವುದು ಲೇಸು. ಬೆಳಗ್ಗೆ ಬಿಸಿಲೇರುವ ಮುಂಚೆಯೇ ತೆಗೆಯಬೇಕು. ಒಳತೋಟಕ್ಕೆ ಹೋಗುವ ಮೊದಲು ಆನೆ ಯಾವ ಕಡೆ ಇದೆ ಎಂದು ತೋಟದ ರೈಟರನ್ನೋ ಕೆಲಸದವರನ್ನೋ ಕೇಳಿಕೊಳ್ಳಬೇಕು. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆಯ ಕೈಗೆ ಸಿಕ್ಕಿ ಸತ್ತವರಿದ್ದಾರೆ. ಸ್ಟ್ಯಾಂಡ್ ಹೂಡಿ, ತಲೆ ಬಗ್ಗಿಸಿ, ಬೆಳಕಿಗಾಗಿ ಕಾಯುತ್ತ ನಿಂತವರಿಗೆ ಸುತ್ತಲಿನ ಸದ್ದಿನ ಮೇಲೆ ಗಮನ ಇರುವುದಿಲ್ಲ.

ಯಾವ ಫಿಲ್ಮ್ ಎಂಬ ಪ್ರಶ್ನೆಗೆ ಈಗ ಉತ್ತರಗಳು ಹೆಚ್ಚಿಲ್ಲ. 120 ರೋಲ್‌ನಲ್ಲಿ ಫ್ಯೂಜಿಯ ವೆಲ್ವಿಯಾ, ಪ್ರೋವಿಯಾ, ಕೊಡಕ್‌ನ ಎಕ್ಟಾಕ್ರೋಮ್ ಇ100 ಇವಿಷ್ಟೇ ಮುಖ್ಯ. 1990ರಲ್ಲಿ ಬಂದ ವೆಲ್ವಿಯಾ ಹಸಿರನ್ನು ಎತ್ತಿ ತೋರಿಸುವುದಕ್ಕೇ ಹೆಸರಾದದ್ದು. ಒಣ ನಾಡಿನ ಹಸಿರಿಗೆ ಅದು ಸರಿ. ಜುಲೈ ತಿಂಗಳ ಬಿಸಿಲೆ ಕಾಡಿಗೆ ಅದನ್ನು ಹಾಕಿದರೆ ಹಸಿರಿನ ನೂರು ಬಗೆಗಳೆಲ್ಲ ಒಂದೇ ಆಗಿಬಿಡುತ್ತವೆ. ಮಲೆನಾಡಿಗೆ ಪ್ರೋವಿಯಾ ಅಥವಾ ಇ100 ಒಳ್ಳೆಯದು. ಏಲಕ್ಕಿಯ ಹಸಿರು ಬೇರೆ, ಮೆಣಸಿನ ಬಳ್ಳಿಯದು ಬೇರೆ, ಭತ್ತದ ಸಸಿಮಡಿಯದು ಬೇರೆ ಎಂಬುದನ್ನು ಅವು ಉಳಿಸುತ್ತವೆ. ಒಂದು ರೋಲ್‌ಗೆ ಸಾವಿರ ರೂಪಾಯಿಗೂ ಮೇಲೆ ಆಗುತ್ತದೆ. ಒಂದೊಂದು ಚಿತ್ರಕ್ಕೂ ಯೋಚಿಸುವಂತೆ ಮಾಡುವ ಬೆಲೆ.

ಎಕ್ಟಾಕ್ರೋಮ್‌ನದು ದೊಡ್ಡ ಕತೆ. ಕೊಡಕ್‌ನ ಇನ್ನೂ ಪ್ರಸಿದ್ಧ ಸ್ಲೈಡ್ ಫಿಲ್ಮ್ ಕೊಡಕ್ರೋಮ್ 1935ರಲ್ಲಿ ಬಂತು. ಅದರ ಬಣ್ಣದ ಮೂಲದ್ರವ್ಯಗಳು ಫಿಲ್ಮಿನೊಳಗೆ ಇರಲಿಲ್ಲ, ತೊಳೆಯುವ ದ್ರಾವಣಗಳಲ್ಲಿದ್ದವು. ಮೂರು ಬಣ್ಣವನ್ನು ಮೂರು ಬೇರೆ ಬೇರೆ ಹಂತದಲ್ಲಿ ತುಂಬಬೇಕಿತ್ತು. ದೊಡ್ಡ ಲ್ಯಾಬ್ ಇಲ್ಲದೆ ಸಾಧ್ಯವೇ ಇರಲಿಲ್ಲ. ಆದ್ದರಿಂದಲೇ 2009ರಲ್ಲಿ ಕೊಡಕ್ ಅದರ ತಯಾರಿಕೆ ನಿಲ್ಲಿಸಿ, 2010ರ ಡಿಸೆಂಬರ್ ಕೊನೆಗೆ ಅಮೆರಿಕದ ಕಾನ್ಸಾಸ್ ರಾಜ್ಯದ ಕೊನೆಯ ಲ್ಯಾಬ್ ಕೂಡ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದಾಗ, ಉಳಿದ ಕೊಡಕ್ರೋಮ್ ರೋಲುಗಳನ್ನು ಬಣ್ಣದಲ್ಲಿ ತೊಳೆಯಲು ದಾರಿಯೇ ಇಲ್ಲದಾಯಿತು. ಕಾರ್ಖಾನೆಯಿಂದ ಬಂದ ಕೊನೆಯ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕರಿ ಖರ್ಚು ಮಾಡಿದ್ದರಲ್ಲಿ ಒಂದು ಪಾಲು ಭಾರತದಲ್ಲೇ. ಆಗ್ಫಾ 1936ರಲ್ಲಿ ಬೇರೆ ದಾರಿ ಹಿಡಿದು ಬಣ್ಣದ ಮೂಲದ್ರವ್ಯಗಳನ್ನು ಫಿಲ್ಮಿನ ಪದರಗಳೊಳಗೇ ಸೇರಿಸಿತ್ತು. 1946ರ ಎಕ್ಟಾಕ್ರೋಮ್ ಕೂಡ ಅದೇ ತತ್ವದ್ದು. ಮನೆಯ ಬಚ್ಚಲಲ್ಲಿ ಸ್ಲೈಡ್ ತೊಳೆಯುವುದು ಸಾಧ್ಯವಾದದ್ದು ಈ ಒಂದು ಬದಲಾವಣೆಯಿಂದ. ಅದೇ ಎಕ್ಟಾಕ್ರೋಮನ್ನೂ 2012ರಲ್ಲಿ ಕೈಬಿಡುವುದಾಗಿ ಹೇಳಿದ ಕೊಡಕ್, ಬೇಡಿಕೆ ಮರಳಿದ್ದು ಕಂಡು 2018ರಲ್ಲಿ ಮತ್ತೆ ತಂದಿತು. ಮಡಚುವ ಕ್ಯಾಮೆರಾದವರಿಗೆ ಬೇಕಾದ 120 ರೋಲ್ ಬಂದದ್ದು 2019ರ ಕೊನೆಗೆ.

ಫೋಟೊ ತೆಗೆದವರೇ ತೊಳೆಯುವುದು ಹಾಸನ ಜಿಲ್ಲೆಗೆ ಹೊಸದೇನಲ್ಲ. 1854ರ ಕೊನೆಯ ಹೊತ್ತಿಗೆ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ, ಆಂಡ್ರ್ಯೂ ನೀಲ್ ಎಂಬ ವೈದ್ಯನ ಜೊತೆ ಬೇಲೂರು, ಹಳೇಬೀಡಿಗೆ ಬಂದು ದೇವಾಲಯಗಳ ಚಿತ್ರ ತೆಗೆದ. ಆಗ ಇನ್ನೂ ಫಿಲ್ಮ್ ಇರಲಿಲ್ಲ. ರಾಸಾಯನಿಕ ಹಚ್ಚಿದ ಕಾಗದವೇ ನೆಗೆಟಿವ್. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಅವನ ಚಿತ್ರಗಳನ್ನು ಇಡಲಾಯಿತು. ಹೊಯ್ಸಳರ ಕಲ್ಲು ಕ್ಯಾಮೆರಾ ಕಂಡ ಮೊದಮೊದಲ ಸಂದರ್ಭ ಅದು.

ನೂರು ವರ್ಷದಾಚೆ, ಹೇಮಾವತಿ ಹುಟ್ಟುವ ಮೂಡಿಗೆರೆ ತಾಲ್ಲೂಕಿನಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಕಾಫಿ ತೋಟದ ನಡುವೆ ಕೂತು ಹಕ್ಕಿಗಳ ಚಿತ್ರ ತೆಗೆದರು. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತ ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿ ಛಾಯಾಗ್ರಹಣದಲ್ಲಿ ಎರಡು ಮೂರು ತಲೆಮಾರಿಗೆ ಗುರುವಾದರು. ಡಿಜಿಟಲ್ ಬರುವ ಮುಂಚೆ ವಾರಪತ್ರಿಕೆಯ ಬಣ್ಣದ ಪುಟಕ್ಕೆ ಚಿತ್ರ ಕೊಡುವವರಿಂದ ಸಂಪಾದಕರು ಕೇಳುತ್ತಿದ್ದದ್ದು ಸ್ಲೈಡನ್ನೇ. ಅಚ್ಚಿನ ಬಣ್ಣ ಬೇರ್ಪಡಿಸಲು ಅದೇ ಉತ್ತಮವಾಗಿತ್ತು. ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತನ್ನ ‘ಇಂದು’ ಹೆಸರಿನಲ್ಲಿ ಮುಖ್ಯವಾಗಿ ಕಪ್ಪು-ಬಿಳುಪಿನದನ್ನು ಕೊಡುತ್ತಿತ್ತು. ಬಣ್ಣದ ಸ್ಲೈಡ್ ಬೇಕೆಂದರೆ ಹೊರದೇಶದ ಮಾಲಿಗೇ ಕಾಯಬೇಕಿತ್ತು.

ಈಗ ಬಚ್ಚಲಿಗೆ ಬರೋಣ.

1970ರ ದಶಕದ ನಡುವೆ ಕೊಡಕ್ ರೂಪಿಸಿದ ಇ-6 ಎಂಬ ಕ್ರಮವೇ ಇಂದಿಗೂ ಎಲ್ಲ ಕಂಪನಿಗಳ ಸ್ಲೈಡ್ ಫಿಲ್ಮಿಗೂ ನಡೆಯುತ್ತಿದೆ. ಪೂರ್ಣ ರೂಪದಲ್ಲಿ ಆರೇಳು ದ್ರಾವಣ. ಮನೆಯ ಕೆಲಸಕ್ಕೆ ಬರುವ ಕಿಟ್‌ಗಳು ಅದನ್ನು ಮೂರಕ್ಕೆ ಇಳಿಸಿವೆ: ಮೊದಲ ಡೆವಲಪರ್, ಕಲರ್ ಡೆವಲಪರ್, ಬ್ಲಿಕ್ಸ್. ಒಳಗೆ ನಡೆಯುವುದು ಹೀಗೆ. ಫಿಲ್ಮಿನಲ್ಲಿ ಮೂರು ಪದರ, ನೀಲಿ ಬೆಳಕಿಗೆ ಒಂದು, ಹಸಿರಿಗೆ ಒಂದು, ಕೆಂಪಿಗೆ ಒಂದು. ಎಲ್ಲದರಲ್ಲೂ ಬೆಳ್ಳಿಯ ಲವಣದ ಕಣಗಳಿವೆ. ಮೊದಲ ಡೆವಲಪರ್ ಬೆಳಕು ಬಿದ್ದ ಕಣಗಳನ್ನಷ್ಟೇ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಅಂದರೆ ಸಾದಾ ಕಪ್ಪು-ಬಿಳುಪು ನೆಗೆಟಿವ್ ಆಯಿತು. ಬೆಳಕು ಬೀಳದ ಕಣಗಳು ಹಾಗೇ ಉಳಿದಿವೆ, ಸ್ಲೈಡ್ ಹುಟ್ಟುವುದು ಈ ಉಳಿದದ್ದರಿಂದ. ಹಿಂದಿನ ಕ್ರಮಗಳಲ್ಲಿ ಈ ಹಂತದಲ್ಲಿ ಫಿಲ್ಮನ್ನು ಹೊರತೆಗೆದು ದೀಪದ ಬೆಳಕಿಗೆ ಹಿಡಿಯಬೇಕಿತ್ತು. ಇ-6ರಲ್ಲಿ ತವರದ ಲವಣ ಅದೇ ಕೆಲಸವನ್ನು ಕತ್ತಲಲ್ಲೇ ಮಾಡುತ್ತದೆ, ಉಳಿದ ಕಣಗಳನ್ನೆಲ್ಲ ಡೆವಲಪ್ ಆಗುವಂತೆ ಎಬ್ಬಿಸುತ್ತದೆ. ಕಲರ್ ಡೆವಲಪರ್ ಅವುಗಳನ್ನೂ ಬೆಳ್ಳಿಯಾಗಿಸುತ್ತ, ಪಕ್ಕದಲ್ಲಿದ್ದ ಮೂಲದ್ರವ್ಯದ ಜೊತೆ ಸೇರಿ ಅಲ್ಲೇ ಬಣ್ಣ ಕಟ್ಟುತ್ತದೆ. ಮೂರು ಪದರದಲ್ಲಿ ಹಳದಿ, ಮೆಜೆಂಟಾ, ಸಯಾನ್. ಈಗ ಫಿಲ್ಮ್ ಪೂರ್ತಿ ಕಪ್ಪು, ಎಲ್ಲ ಕಡೆ ಬೆಳ್ಳಿ. ಬ್ಲಿಕ್ಸ್ ಬೆಳ್ಳಿಯನ್ನೆಲ್ಲ ಕರಗಿಸಿ ಹೊರಗೆ ಹಾಕುತ್ತದೆ. ಉಳಿದದ್ದು ಬಣ್ಣ ಮಾತ್ರ. ಕೊನೆಗೆ ಕೈಗೆ ಬರುವ ಸ್ಲೈಡ್‌ನಲ್ಲಿ ಬೆಳ್ಳಿಯ ಸುಳಿವೂ ಇರುವುದಿಲ್ಲ.

ಇದರಲ್ಲಿ ಚಿತ್ರದ ಹಣೆಬರಹ ನಿಂತಿರುವುದು ಮೊದಲ ಡೆವಲಪರ್ ಮೇಲೆ. 38 ಡಿಗ್ರಿಯಲ್ಲಿ ಸುಮಾರು ಆರು ನಿಮಿಷ. ಕೊಡಕ್ ಕೊಡುವ ವಿನಾಯಿತಿ ಒಂದು ಡಿಗ್ರಿಯ ಹತ್ತನೇ ಮೂರು ಭಾಗ ಮಾತ್ರ. ನೀರು ತಣ್ಣಗಾದರೆ ಕಪ್ಪು ಬೆಳ್ಳಿ ಕಡಿಮೆ ಆಗಿ, ಉಳಿದದ್ದು ಹೆಚ್ಚಾಗಿ, ಸ್ಲೈಡ್ ಮಬ್ಬು. ಬಿಸಿ ಜಾಸ್ತಿಯಾದರೆ ತೆಳುವಾಗಿ ಬಣ್ಣ ಹಾರಿದಂತೆ. ಹವ್ಯಾಸಿಗಳು ಇದನ್ನೇ ಉಪಯೋಗಕ್ಕೂ ತರುತ್ತಾರೆ. ಕತ್ತಲೆ ಕಾಡಿನಲ್ಲಿ ಒಂದು ಸ್ಟಾಪ್ ಕಡಿಮೆ ಬೆಳಕು ಕೊಟ್ಟು ತೆಗೆದ ರೋಲಿಗೆ ಮೊದಲ ಡೆವಲಪರ್‌ನಲ್ಲಿ ಸುಮಾರು ಎರಡು ನಿಮಿಷ ಹೆಚ್ಚು ಕೊಟ್ಟರೆ ಸರಿಹೋಗುತ್ತದೆ.

ಜನವರಿಯ ಬೆಳಗಿನ ಚಳಿಗೆ ಪುಟ್ಟ ಪ್ಲಾಸ್ಟಿಕ್ ಟ್ಯಾಂಕ್ ಆರು ನಿಮಿಷದಲ್ಲಿ ಒಂದೆರಡು ಡಿಗ್ರಿ ಕಳೆದುಕೊಳ್ಳುತ್ತದೆ. ಅದಕ್ಕೇ ಹಂಡೆ ನೀರು. ದೊಡ್ಡ ಬಕೆಟ್ಟಿಗೆ ಬಿಸಿನೀರು, ತಣ್ಣೀರು ಬೆರೆಸಿ 39ರ ಆಸುಪಾಸಿಗೆ ತಂದು, ಮೂರು ದ್ರಾವಣದ ಬಾಟಲಿಗಳನ್ನೂ ಟ್ಯಾಂಕನ್ನೂ ಅದರೊಳಗೆ ಕುತ್ತಿಗೆಯವರೆಗೆ ಇಳಿಸಿಟ್ಟು ಕಾಯಬೇಕು. ಬಕೆಟ್ ದೊಡ್ಡದಾದಷ್ಟೂ ಬಿಸಿ ನಿಧಾನಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಒಂದು ಚೊಂಬು ಹಂಡೆ ನೀರು ಸುರಿಯುವುದು. ಥರ್ಮಾಮೀಟರ್ ಬಾಟಲಿಯೊಳಗಿರಬೇಕು, ಬಕೆಟ್ಟಿನ ನೀರಿನ ಬಿಸಿ ಬೇರೆ, ದ್ರಾವಣದ್ದು ಬೇರೆ. ಬೆಟ್ಟದ ಊಟೆಯ ನೀರಿನಲ್ಲಿ ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ಇಲ್ಲದಿರುವುದು ಇನ್ನೊಂದು ಅನುಕೂಲ. ಒಣಗಿದ ಫಿಲ್ಮಿನ ಮೇಲೆ ಸುಣ್ಣದ ಕಲೆ ಉಳಿಯುವುದಿಲ್ಲ.

ಕಷ್ಟ ಕೊಡುವುದು ತೇವ. 120 ಫಿಲ್ಮ್ ಅಗಲ, ಮೆತ್ತಗೆ, ಸುರುಳಿ ಹಿಡಿಯುವಂಥದ್ದು. ಕತ್ತಲೆ ಚೀಲದೊಳಗೆ ಕೈ ಹಾಕಿ, ಹಿಂಬದಿಯ ಕಾಗದ ಬಿಡಿಸಿ, ಪ್ಲಾಸ್ಟಿಕ್ ರೀಲಿನ ತೋಡಿಗೆ ಅದನ್ನು ಕೂರಿಸುತ್ತ ತಿರುಗಿಸಬೇಕು. ಜುಲೈ ತಿಂಗಳಲ್ಲಿ ಎರಡೇ ನಿಮಿಷಕ್ಕೆ ಚೀಲದೊಳಗೆ ಕೈ ಬೆವರುತ್ತದೆ, ರೀಲು ತೇವ ಹೀರುತ್ತದೆ, ಫಿಲ್ಮ್ ಅರ್ಧಕ್ಕೆ ಕಚ್ಚಿ ನಿಲ್ಲುತ್ತದೆ. ರೀಲನ್ನು ಮೊದಲೇ ಒಲೆಯ ಹತ್ತಿರ ಇಟ್ಟು ಚೆನ್ನಾಗಿ ಒಣಗಿಸಿಕೊಳ್ಳುವುದು, ಕಿಟಕಿ ಇಲ್ಲದ ಕೋಣೆಯನ್ನು ರಾತ್ರಿ ಹೊತ್ತು ಬಳಸಿ ಚೀಲದ ಗೋಜೇ ಬಿಡುವುದು, ಕಾಗದಕ್ಕೆ ಟೇಪ್ ಅಂಟಿಸಿರುವ ಗಟ್ಟಿ ತುದಿಯಿಂದಲೇ ತುಂಬಲು ಶುರುಮಾಡುವುದು, ಇವೆಲ್ಲ ಮಾಡಿ ನೋಡಿದವರ ಬುದ್ಧಿ. ಬ್ಲಿಕ್ಸ್ ಹಾಕಿ ಟ್ಯಾಂಕ್ ಅಲ್ಲಾಡಿಸಿದಾಗ ಒಳಗೆ ಗಾಳಿ ತುಂಬಿ ಮುಚ್ಚಳ ಚಿಮ್ಮಬಹುದು, ಆಗಾಗ ಸಡಿಲಿಸಬೇಕು. ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಅಡುಗೆಮನೆಯ ಪಾತ್ರೆ ಯಾವುದೂ ಬೇಡ.

ಟ್ಯಾಂಕಿನಿಂದ ಹೊರತೆಗೆದ ಫಿಲ್ಮ್ ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ. ಹಸಿಯಾಗಿದ್ದಾಗ ಅದರ ಮೇಲೆ ಹಾಲು ಬೆರೆತ ನೀಲಿ ಪೊರೆ ಕವಿದಂತಿರುತ್ತದೆ, ಬಣ್ಣಗಳು ತಪ್ಪಾಗಿ ಕಾಣುತ್ತವೆ, ಕಪ್ಪು ಕಪ್ಪಾಗಿರುವುದಿಲ್ಲ. ಇ-6 ಫಿಲ್ಮ್‌ಗಳೆಲ್ಲ ಹೀಗೆಯೇ. ತೂಗುಹಾಕಿ, ಮುಟ್ಟದೆ ಬಿಟ್ಟರೆ ಅಂಚಿನಿಂದ ಒಣಗುತ್ತ ಬರುತ್ತದೆ, ಒಣಗಿದಷ್ಟು ಭಾಗದಲ್ಲಿ ಪೊರೆ ಸರಿದು ಬಣ್ಣ ತಿಳಿಯಾಗುತ್ತದೆ. ಹೇರ್ ಡ್ರೈಯರ್ ಹಿಡಿದರೆ ಧೂಳು ಬಂದು ಅಂಟಿಕೊಳ್ಳುತ್ತದೆ. ಸ್ನಾನ ಮುಗಿದ ಬಚ್ಚಲು ಒಳ್ಳೆಯದು, ಹಬೆಗೆ ಧೂಳು ಅಡಗಿರುತ್ತದೆ.

ನೋಡುವುದು ಹೇಗೆ? ಚೌಕ ಸ್ಲೈಡಿನ ಪ್ರೊಜೆಕ್ಟರ್‌ಗಳು ನಮ್ಮಲ್ಲಿ ಯಾವಾಗಲೂ ಅಪರೂಪ. ಕೊಡಕ್ ಅಂತೂ 2004ರಲ್ಲೇ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು. ಒಂದು ಎಲ್‌ಇಡಿ ಬೆಳಕಿನ ಹಲಗೆ, ಒಂದು ಭೂತಗನ್ನಡಿ ಸಾಕು. ಎಕ್ಸ್‌ಪೋಷರ್ ಸರಿಯಾಗಿದ್ದರೆ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಮುಳುಗು ಚರ್ಚಿನ ಕಮಾನಿನ ಇಟ್ಟಿಗೆಯನ್ನು ಒಂದೊಂದಾಗಿ ಎಣಿಸಬಹುದು.

ಮಲೆನಾಡಿನಲ್ಲಿ ಸ್ಲೈಡ್ ತೆಗೆಯುವುದಕ್ಕಿಂತ ಕಾಪಾಡುವುದು ಕಷ್ಟ. ಫಿಲ್ಮಿನ ಪದರ ಜೆಲಟಿನ್‌ನದು, ಬೂಷ್ಟಿಗೆ ಅದು ಆಹಾರ. ಹಳೆಯ ತೋಟದ ಮನೆಗಳ ಬೀರುಗಳಲ್ಲಿ ಎಷ್ಟೋ ಸ್ಲೈಡ್ ಪೆಟ್ಟಿಗೆಗಳು ಹೀಗೇ ಹಾಳಾಗುತ್ತಿವೆ. ಮದುವೆ, ಹಬ್ಬ, ಕಾಫಿ ಕಣ, ಗೊರೂರು ಅಣೆಕಟ್ಟಿನ ನೀರು ಏರುವ ಮೊದಲಿನ ಊರುಗಳು ಅವುಗಳಲ್ಲಿ ಇರಬಹುದು. ಅಂಥ ಪೆಟ್ಟಿಗೆ ಸಿಕ್ಕಿದವರು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ. ಮೊದಲು ಒಣಗಿಸಿ, ಆಮೇಲೆ ಸ್ಕ್ಯಾನ್ ಮಾಡಿಸಬೇಕು. ಹೊಸ ಸ್ಲೈಡ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್‌ನ ಬಣ್ಣ ತಿರುಗಿದಾಗಲೆಲ್ಲ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಆ ಬಾಣಲೆಯನ್ನೂ ಇದಕ್ಕೇ ಬೇರೆ ಇಟ್ಟುಕೊಳ್ಳಬೇಕು.

ಇನ್ನು ಉಳಿದದ್ದು ಬಳಸಿದ ದ್ರಾವಣ. ತೋಟದ ಮನೆಯ ಬಚ್ಚಲ ನೀರು ಹೋಗುವುದು ಅಡಿಕೆಗೋ ಬಾಳೆಗೋ, ಅಲ್ಲಿಂದ ಹಳ್ಳಕ್ಕೆ. ಹಳ್ಳ ಸೇರುವುದು ಹೇಮಾವತಿಗೆ, ಹೇಮಾವತಿ ಕಾವೇರಿಗೆ. ಬ್ಲಿಕ್ಸ್‌ನಲ್ಲಿ ಫಿಲ್ಮಿನ ಬೆಳ್ಳಿಯೆಲ್ಲ ಕರಗಿ ಕೂತಿರುತ್ತದೆ, ನೀರಿನ ಸೂಕ್ಷ್ಮಜೀವಿಗಳಿಗೆ ಅದು ವಿಷ. ಬಚ್ಚಲಿಗೆ ಸುರಿಯುವುದು ಸಲ್ಲದು, ಇಂಗುಗುಂಡಿಗೂ ಸಲ್ಲದು. ಮುಚ್ಚಳವಿರುವ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಅದರೊಳಗೆ ಬಿಟ್ಟರೆ ಕೆಲವು ದಿನಗಳಲ್ಲಿ ಕಬ್ಬಿಣ ಕರಗುತ್ತ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತದೆ. ಡೆವಲಪರ್‌ಗಳನ್ನು ಬೇರೆ ಕ್ಯಾನಿನಲ್ಲಿ ಹಿಡಿದಿಡಬೇಕು, ಬ್ಲಿಕ್ಸ್ ಜೊತೆ ಬೆರೆಸಬಾರದು. ಎರಡೂ ಕ್ಯಾನುಗಳ ಮೇಲೆ ಒಳಗೇನಿದೆ ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆದು, ಮಕ್ಕಳಿಗೂ ದನಕರುಗಳಿಗೂ ಸಿಗದ ಕಡೆ ಇಟ್ಟು, ಬೆಂಗಳೂರಿಗೋ ಮೈಸೂರಿಗೋ ಹೋಗುವಾಗ ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು. ಒಂದು ಲೀಟರ್ ಕಿಟ್‌ನಲ್ಲಿ ಹಲವು ರೋಲ್ ತೊಳೆಯಬಹುದಾದ್ದರಿಂದ, ಮಳೆಗಾಲದ ರೋಲುಗಳನ್ನೆಲ್ಲ ಫ್ರಿಜ್‌ನಲ್ಲಿ ಕೂಡಿಟ್ಟು ಒಂದೇ ಸಲಕ್ಕೆ ತೊಳೆದರೆ ಕ್ಯಾನು ತುಂಬುವುದೂ ಕಡಿಮೆ, ಬೆರೆಸಿಟ್ಟ ದ್ರಾವಣ ಗಾಳಿ ತಾಗಿ ಕೆಡುವುದೂ ತಪ್ಪುತ್ತದೆ.